ಗ್ರೇಟ್ ಪ್ಲಾಟೋದಿಂದ ಹಟೆನೊವರೆಗೆ: ಕಕ್ಕಡದಲ್ಲಿ ಹೊರಡುವವರಿಗೆ

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಅಂದರೆ ಕಕ್ಕಡದ ತಿಂಗಳಲ್ಲಿ, ಕೊಡಗಿನಲ್ಲಿ ಯಾರೂ ಬೆಟ್ಟ ಹತ್ತುವ ಮಾತಾಡುವುದಿಲ್ಲ. ರಸ್ತೆಗೆ ಮರ ಬಿದ್ದಿರುತ್ತದೆ, ಶಾಲೆಗೆ ರಜೆ ಸಿಕ್ಕಿರುತ್ತದೆ, ತೋಟದಲ್ಲಿ ಜಿಗಣೆ. ಮನೆಯೊಳಗೆ ಕೂತೇ ಹೊರಡಬಹುದಾದ ಪ್ರವಾಸವೊಂದಿದೆ: 2017ರ ಮಾರ್ಚ್ 3ರಂದು ನಿಂಟೆಂಡೊ ಕಂಪನಿಯ ಸ್ವಿಚ್ ಗೇಮ್ ಕನ್ಸೋಲ್ ಜೊತೆಯಲ್ಲೇ ಬಂದ 'ದಿ ಲೆಜೆಂಡ್ ಆಫ್ ಝೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಆಟದ ಹೈರೂಲ್ ಸೀಮೆ. ಮೊದಲ ಸಲ ಹೋಗುವವರು ಅಲ್ಲಿ ಸಾಯುವುದು ರಾಕ್ಷಸರ ಕೈಯಲ್ಲಿ ಮಾತ್ರವಲ್ಲ. ಚಳಿ, ಮಳೆ, ಬಂಡೆಯಿಂದ ಜಾರುವುದು, ನಡುವೆ ಮುರಿಯುವ ಕತ್ತಿ, ಇವುಗಳಿಂದಲೇ ಹೆಚ್ಚು. ಹಾಗಾಗಿ ಯುದ್ಧಕ್ಕೆ ಹೊರಟವರಂತೆ ಹೋಗಬೇಡಿ, ಬುತ್ತಿ ಕಟ್ಟಿಕೊಂಡು ಆಕಾಶ ನೋಡಿ ಹೊರಡಿ.

ಮೊದಲು ಮನೆಯ ಕಡೆಯ ತಯಾರಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ, ಆದ್ದರಿಂದ ಬ್ಯಾಟರಿ ಲೆಕ್ಕ ಗೊತ್ತಿರಲಿ. 2017ರ ಮೂಲ ಸ್ವಿಚ್‌ನಲ್ಲಿ ಈ ಆಟ ಸುಮಾರು 3 ಗಂಟೆ ಓಡುತ್ತದೆ, 2019ರಿಂದ ಬಂದ ಸುಧಾರಿತ ಮಾದರಿಯಲ್ಲೂ ಓಎಲ್‌ಇಡಿ ಮಾದರಿಯಲ್ಲೂ ಸುಮಾರು ಐದೂವರೆ ಗಂಟೆ, ಸ್ವಿಚ್ ಲೈಟ್ ಎಂಬ ಚಿಕ್ಕ ಮಾದರಿಯಲ್ಲಿ ಸುಮಾರು 4. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸೀರಿಯಲ್ ಸಂಖ್ಯೆ ನೋಡಿ: ಎಕ್ಸ್‌ಎಡಬ್ಲ್ಯು ಎಂದು ಶುರುವಾದರೆ ಹಳೆಯದು, ಎಕ್ಸ್‌ಕೆಡಬ್ಲ್ಯು ಆದರೆ ಹೊಸದು. ಪವರ್ ಬ್ಯಾಂಕ್ ಯುಎಸ್‌ಬಿ-ಸಿ ಪವರ್ ಡೆಲಿವರಿ ಇರುವುದೇ ಆಗಬೇಕು. ಸಾಮಾನ್ಯದ್ದು ಹಾಕಿದರೆ ಆಡುತ್ತಿರುವಾಗ ಚಾರ್ಜ್ ಏರುವುದೇ ಕಷ್ಟ, ಕೆಲವೊಮ್ಮೆ ಇಳಿಯುತ್ತಲೇ ಹೋಗುತ್ತದೆ. ಟಿವಿಗೆ ಹಾಕುವ ಡಾಕ್‌ಗೆ 15 ವೋಲ್ಟ್, 2.6 ಆಂಪಿಯರ್ ಕೊಡುವ ಮೂಲ ಅಡಾಪ್ಟರ್ ಬೇಕೇ ಬೇಕು. ಹೊರದೇಶದಿಂದ ತರಿಸಿದ ಸೆಟ್ ಆದರೂ ಆ ಅಡಾಪ್ಟರ್ 100ರಿಂದ 240 ವೋಲ್ಟ್ ತಡೆಯುತ್ತದೆ, ಪಿನ್ ಬದಲಿಸುವ ಕನ್ವರ್ಟರ್ ಒಂದಿದ್ದರೆ ಸಾಕು. ಗುಡುಗು ಶುರುವಾದರೆ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ಆಡಿ.

ಇನ್ನು ತೇವ. ಕಂಪನಿ ಹೇಳುವುದು ಶೇ. 20ರಿಂದ 80 ತೇವಾಂಶದಲ್ಲಿ ಬಳಸಿ ಎಂದು. ಮಡಿಕೇರಿಯ ಆಷಾಢ ಆ ಮಿತಿಗೆ ಬಗ್ಗುವುದಿಲ್ಲ. ಆಡದಿದ್ದಾಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಟ್ಟೆ ಒಣಗಿಸುವ ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಏರಿಸಬೇಡಿ, ಹೊಗೆ ಮತ್ತು ಬಿಸಿ ಎರಡೂ ಕೆಡುಕು. ಆಟ ಡೌನ್‌ಲೋಡ್ ಮಾಡುವುದಾದರೆ ಸುಮಾರು 14 ಜಿಬಿ ಆಗುತ್ತದೆ. ಮರ ಬಿದ್ದು ಕೇಬಲ್ ತುಂಡಾಗುವ ಮೊದಲೇ ಮುಗಿಸಿ, ಇಲ್ಲವೇ ಕಾರ್ಟ್ರಿಜ್ ತರಿಸಿ.

ಈಗ ಪ್ರಯಾಣ. ಆಟ ಶುರುವಾಗುವುದು ಗ್ರೇಟ್ ಪ್ಲಾಟೋ ಎಂಬ ಎತ್ತರದ ಬಯಲಿನಲ್ಲಿ. ನೀವು ಆಡಿಸುವ ನಾಯಕ ಲಿಂಕ್ ಗುಹೆಯೊಳಗೆ ಎಚ್ಚರಗೊಂಡ ತಕ್ಷಣ ಕಂಬದ ಮೇಲಿನ ಶೀಕಾ ಸ್ಲೇಟ್ ಎಂಬ ನಕ್ಷೆ ತೋರಿಸುವ ಹಲಗೆ ಸಿಗುತ್ತದೆ, ಎರಡು ಪೆಟ್ಟಿಗೆಯಲ್ಲಿ ಅಂಗಿ ಮತ್ತು ಪ್ಯಾಂಟು. ಹೊರಗೆ ಬಂದರೆ ಬಂಡೆಯಡಿ ಬೆಂಕಿ ಹಾಕಿ ಕೂತ ಮುದುಕನಿದ್ದಾನೆ. ಅವನ ಪಕ್ಕದ ಸುಟ್ಟ ಸೇಬನ್ನು ಎತ್ತಿದರೆ ಗದರುತ್ತಾನೆ, ಆಮೇಲೆ ಕೊಟ್ಟೇಬಿಡುತ್ತಾನೆ. ಇಲ್ಲಿಂದ ಟೆಂಪಲ್ ಆಫ್ ಟೈಮ್ ಎಂಬ ಹಾಳು ಗುಡಿಯ ಕಡೆ ಓಡಿಬಿಡಬೇಡಿ. ಮರದ ಸೇಬು, ಅಣಬೆ, ಬಿದ್ದ ಕೊಂಬೆ ಎಲ್ಲ ಆರಿಸಿ. ದಾರಿಯಲ್ಲಿ ಮರದ ಬುಡಕ್ಕೆ ಹೊಡೆದಿಟ್ಟ ಕೊಡಲಿ ಕಾಣುತ್ತದೆ, ಅದನ್ನು ಕಿತ್ತುಕೊಳ್ಳಿ. ಆದರೆ ಕೊಡಲಿಯಿಂದ ಶತ್ರುವನ್ನು ಹೊಡೆಯಬೇಡಿ, ಮರಕ್ಕೇ ಉಳಿಸಿ. ಮುಂದೆ ಕಮರಿ ದಾಟುವಾಗ ಅಂಚಿನ ಮರವನ್ನು ಕಡಿದರೆ ಅದೇ ಸೇತುವೆ. ನೀವು ನಿಂತ ಕಡೆಯಿಂದ ಆಚೆಗೆ ಮರ ಬೀಳುತ್ತದೆ, ಹಾಗಾಗಿ ಕಮರಿಗೆ ಮುಖ ಮಾಡಿ ನಿಂತು ಬೀಸಿ. ಅಡ್ಡ ನಿಂತು ಕಡಿದವರ ಮರ ಕಮರಿಯೊಳಗೆ ಉರುಳಿ ಹೋಗುತ್ತದೆ.

ಸ್ಲೇಟ್ ತೋರಿಸಿದ ಜಾಗದಲ್ಲಿ ಅದನ್ನಿಟ್ಟರೆ ನೆಲದಿಂದ ಟವರ್ ಏಳುತ್ತದೆ, ನೀವು ಅದರ ತುದಿಯಲ್ಲಿ. ಇಳಿಯುವಾಗ ನಡುನಡುವಿನ ಜಗಲಿಗಳನ್ನು ಹುಡುಕಿ ಒಂದೊಂದಾಗಿ ಇಳಿಯಿರಿ. ಅವಸರ ಮಾಡಿದವರು ನೇರ ಕೆಳಗೆ. ಟವರ್ ಬುಡಕ್ಕೆ ಮುದುಕ ಪ್ಯಾರಾಗ್ಲೈಡರ್‌ನಲ್ಲಿ ತೇಲಿಕೊಂಡು ಬರುತ್ತಾನೆ. ಅದು ಬೇಕಾದರೆ ಶ್ರೈನ್‌ನ (ಒಗಟು ಬಿಡಿಸಬೇಕಾದ ನೆಲದಡಿಯ ಗುಡಿ) ನಿಧಿ ತಂದು ಕೊಡು ಎನ್ನುತ್ತಾನೆ, ಆಮೇಲೆ ಮಾತು ಬದಲಿಸಿ ಇನ್ನೂ ಮೂರು ಎನ್ನುತ್ತಾನೆ. ಒಟ್ಟು ನಾಲ್ಕು. ನಮ್ಮ ಸಲಹೆಯ ಕ್ರಮ ಹೀಗೆ: ಹತ್ತಿರದ ಓಮನ್ ಔ, ಆಮೇಲೆ ಜಾ ಬೈಜ್, ಓವಾ ಡೈಮ್, ಕೊನೆಗೆ ಹಿಮದೊಳಗಿನ ಕೆ ನಮುಟ್.

ಓಮನ್ ಔನಲ್ಲಿ ಕಬ್ಬಿಣ ಎತ್ತುವ ಮ್ಯಾಗ್ನೆಸಿಸ್ ಸಿಗುತ್ತದೆ. ಹೊರಗೆ ಬಂದ ಮೇಲೆ ಹತ್ತಿರದ ನೀರಿನ ಮೇಲೆಲ್ಲ ಅದನ್ನು ಆಡಿಸಿ ನೋಡಿ, ಮುಳುಗಿದ ಪೆಟ್ಟಿಗೆಗಳು ಎದ್ದು ಬರುತ್ತವೆ. ಜಾ ಬೈಜ್ ಇರುವುದು ಪೂರ್ವದ ಹಾಳು ಮಠದಲ್ಲಿ. ಅಲ್ಲಿ ಪಾಚಿ ಕಟ್ಟಿದ ಗಾರ್ಡಿಯನ್‌ಗಳೆಂಬ ಹಳೆಯ ಕಾವಲು ಯಂತ್ರಗಳು ಸತ್ತಂತೆ ಕೂತಿರುತ್ತವೆ, ಕೆಲವು ಸತ್ತಿರುವುದಿಲ್ಲ. ಕೆಂಪು ಚುಕ್ಕಿ ಮೈಮೇಲೆ ಬಂತೆಂದರೆ ಓಡಿ ತಪ್ಪಿಸಿಕೊಳ್ಳುವ ಯೋಚನೆ ಬಿಡಿ, ನಡುವೆ ಗೋಡೆ ತನ್ನಿ. ಗೋಡೆ ಸಿಕ್ಕರೆ ಅದರ ಲೆಕ್ಕ ಮೊದಲಿನಿಂದ ಶುರು. ಧೈರ್ಯವಿದ್ದವರು ಝೆಡ್‌ಎಲ್ ಬಟನ್ ಒತ್ತಿ ಗುರಾಣಿ ಹಿಡಿದು ಕಿರಣ ಹೊರಟ ಕ್ಷಣಕ್ಕೆ ಎ ಒತ್ತಿದರೆ ಅದು ವಾಪಸ್ ಹೋಗಿ ಗಾರ್ಡಿಯನ್‌ಗೇ ಬಡಿಯುತ್ತದೆ. ಪಾತ್ರೆಯ ಮುಚ್ಚಳ ಹಿಡಿದೂ ಇದಾಗುತ್ತದೆ. ಒತ್ತುವುದು ಬೇಗವಾದರೆ ಮುಚ್ಚಳವೂ ಇಲ್ಲ, ಪ್ರಾಣವೂ ಇಲ್ಲ.

ಜಾ ಬೈಜ್‌ನ ಬಾಂಬು ಎರಡು ಬಗೆ, ಗುಂಡು ಮತ್ತು ಚೌಕ. ಇಳಿಜಾರಿನಲ್ಲಿ ಮೇಲಕ್ಕೆ ಗುಂಡು ಬಾಂಬ್ ಎಸೆದರೆ ಅದು ಉರುಳಿಕೊಂಡು ನಿಮ್ಮ ಕಾಲ ಬುಡಕ್ಕೇ ಬರುತ್ತದೆ. ಮೇಲಕ್ಕೆ ಚೌಕ, ಕೆಳಕ್ಕೆ ಗುಂಡು. ಕೆರೆಗೆ ಎಸೆದು ಸಿಡಿಸಿದರೆ ಮೀನು ತೇಲುತ್ತವೆ. ಈ ಬಾಂಬ್ ಖರ್ಚಾಗುವುದೇ ಇಲ್ಲ, ಸ್ವಲ್ಪ ಹೊತ್ತು ಕಾದರೆ ಮತ್ತೆ ಸಿದ್ಧ. ಓವಾ ಡೈಮ್‌ನ ಸ್ಟೇಸಿಸ್ (ವಸ್ತುವನ್ನು ಕೆಲಕ್ಷಣ ತಡೆದು ನಿಲ್ಲಿಸುವುದು), ಕೆ ನಮುಟ್‌ನ ಕ್ರಯೋನಿಸ್ (ನೀರಿನಿಂದ ಹಿಮಗಂಬ ಎಬ್ಬಿಸುವುದು) ಬಗ್ಗೆ ಅಲ್ಲಲ್ಲೇ ಕಲಿಸುತ್ತಾರೆ. ಹಿಮಗಂಬ ಏಕಕಾಲಕ್ಕೆ ಮೂರೇ, ನಾಲ್ಕನೆಯದು ಎಬ್ಬಿಸಿದರೆ ಮೊದಲನೆಯದು ಒಡೆಯುತ್ತದೆ ಎಂಬುದನ್ನು ನೆನಪಿಡಿ. ಪ್ರತಿ ಶ್ರೈನ್ ಒಳಗೂ ಒಂದಾದರೂ ಪೆಟ್ಟಿಗೆ ಇದೆ, ಬಿಟ್ಟು ಬರಬೇಡಿ. ಓಮನ್ ಔನಲ್ಲಿ ಬಿಲ್ಲು, ಓವಾ ಡೈಮ್‌ನಲ್ಲಿ ಗುರಾಣಿ, ಕೆ ನಮುಟ್‌ನಲ್ಲಿ ಈಟಿ. ಕಾಡಿನ ನಡುವೆ ಒಂದು ಬಂಡೆ ಎದ್ದು ನಿಂತು ಕೈ ಬೀಸಿದರೆ ಅದು ಸ್ಟೋನ್ ಟೇಲಸ್. ಈಗ ಅದರ ತಂಟೆ ಬೇಡ.

ಚಳಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮೌಂಟ್ ಹೈಲಿಯಾ ಕಡೆ ಹೆಜ್ಜೆ ಇಟ್ಟಂತೆ ತೆರೆಯ ಬಲ ಕೆಳಮೂಲೆಯ ತಾಪಮಾಪಕದ ಮುಳ್ಳು ನೀಲಿಗೆ ಇಳಿಯುತ್ತದೆ, ಲಿಂಕ್ ನಡುಗುತ್ತಾನೆ, ಪ್ರಾಣದ ಲೆಕ್ಕ ತೋರಿಸುವ ಹಾರ್ಟ್ ಒಂದೊಂದಾಗಿ ಕರಗುತ್ತದೆ. ಹಿಮದ ನದಿಯಲ್ಲಿ ಈಜಲು ಹೋದರೆ ಇನ್ನೂ ಬೇಗ. ದಾಟುವ ದಾರಿ ಮೂರು. ಉರಿಯುವ ಪಂಜು ಕೈಯಲ್ಲಿ ಹಿಡಿದರೆ ಬೆಚ್ಚಗಿರುತ್ತದೆ, ಆದರೆ ಕತ್ತಿ ತೆಗೆದ ಕೂಡಲೇ ಆ ಬಿಸಿ ಹೋಯಿತು. ಎರಡನೆಯದು ಮೆಣಸಿನಕಾಯಿ ಅಡುಗೆ. ಪ್ಲಸ್ ಒತ್ತಿ ಚೀಲ ತೆರೆದು, ಸ್ಪೈಸಿ ಪೆಪ್ಪರ್ ಆರಿಸಿ 'ಹಿಡಿದುಕೋ' ಎಂದು ಕೊಟ್ಟರೆ ಲಿಂಕ್‌ನ ತೋಳಿಗೆ ಬರುತ್ತದೆ, ಐದರವರೆಗೆ ಪೇರಿಸಬಹುದು. ಬೆಂಕಿ ಇರುವ ಬಾಣಲೆಯ ಮುಂದೆ ನಿಂತು ಎ ಒತ್ತಿ. ಮೆಣಸಿನಕಾಯಿ ಬಾಣಲೆಯಲ್ಲಿ ಹಾರಿ ಕುಣಿದು ರಾಗವೊಂದು ಮುಗಿಯುವಷ್ಟರಲ್ಲಿ ಪದಾರ್ಥ ಸಿದ್ಧ. ಒಂದು ಹಾಕಿದರೆ ಎರಡೂವರೆ ನಿಮಿಷ ಚಳಿ ತಡೆ, ಐದು ಹಾಕಿದರೆ ಹನ್ನೆರಡೂವರೆ ನಿಮಿಷ. ಬೇರೆ ಬೇರೆ ಗುಣದ ಸಾಮಾನು ಬೆರೆಸಿದರೆ ಎರಡೂ ಗುಣ ಸತ್ತು ಬರೀ ಹೊಟ್ಟೆಗೆ ಆಗುತ್ತದೆ. ಹುಳು, ಕಪ್ಪೆ ಇತ್ಯಾದಿಗಳನ್ನು ರಾಕ್ಷಸರ ಅಂಗಗಳ ಜೊತೆ ಕುದಿಸಿದರೆ ಔಷಧ. ಅದೇ ಹುಳುವನ್ನು ಸೇಬಿನ ಜೊತೆ ಹಾಕಿದರೆ ಮುಖ ಮುಚ್ಚಿ ತಿನ್ನಬೇಕಾದ ಏನೋ ಒಂದು.

ಮೂರನೆಯದೇ ಉತ್ತಮ, ಬೆಚ್ಚಗಿನ ಅಂಗಿ. ಮುದುಕನ ಗುಡಿಸಲಿನ ಡೈರಿ ಓದಿದರೆ ಅವನು ಮರೆತ ಅಡುಗೆ ಗೊತ್ತಾಗುತ್ತದೆ: ಹಸಿ ಮಾಂಸ, ಸ್ಪೈಸಿ ಪೆಪ್ಪರ್, ಹೈರೂಲ್ ಬ್ಯಾಸ್ ಮೀನು. ಮಾಂಸಕ್ಕೆ ಕಾಡುಹಂದಿ. ಎಡ ಸ್ಟಿಕ್ ಒತ್ತಿ ಬಗ್ಗಿ, ಹಿಂದಿನಿಂದ ಹೋಗಿ ತಲೆಗೆ ಬಾಣ ಬಿಡಿ. ಇಲ್ಲಿನ ಹಂದಿಗೆ ಅರಣ್ಯ ಇಲಾಖೆಯ ತಕರಾರಿಲ್ಲ, ಕಾಚಂಪುಳಿಯೊಂದು ಸಿಗುವುದಿಲ್ಲ ಅಷ್ಟೆ. ಮೂರನ್ನೂ ಒಟ್ಟಿಗೆ ಬೇಯಿಸಿ ಅವನಿಗೆ ಕೊಟ್ಟರೆ ವಾರ್ಮ್ ಡಬ್ಲೆಟ್ ಕೊಡುತ್ತಾನೆ. ಅಡುಗೆ ಬೇಡವೆಂದು ಮೆಣಸು ತಿಂದುಕೊಂಡೇ ಬೆಟ್ಟದ ನೆತ್ತಿಗೆ ಹೋದರೂ ಅಲ್ಲಿ ನಿಂತಿರುವ ಅವನು ಅದೇ ಅಂಗಿ ಕೊಡುತ್ತಾನೆ.

ಮಳೆ ಕೊಡಗಿನವರಿಗೆ ಹೊಸದೇನಲ್ಲ, ಆದರೂ ಎಲ್ಲರೂ ಎಡವುವುದು ಇಲ್ಲೇ. ಒದ್ದೆ ಬಂಡೆ ಹತ್ತುವಾಗ ನಾಲ್ಕೈದು ಹಿಡಿತಕ್ಕೊಮ್ಮೆ ಲಿಂಕ್ ಸರ್ರನೆ ಜಾರುತ್ತಾನೆ, ದಮ್ಮಿನ ಅಳತೆ ತೋರಿಸುವ ಸ್ಟ್ಯಾಮಿನಾ ಚಕ್ರ ಮಾತ್ರ ಕರಗುತ್ತಲೇ ಇರುತ್ತದೆ. ಎಕ್ಸ್ ಒತ್ತಿ ಮೇಲಕ್ಕೆ ನೆಗೆದರೆ ಜಾರುವ ಮೊದಲು ಸ್ವಲ್ಪ ಸಾಗಬಹುದು, ಆದರೆ ಪ್ರತಿ ನೆಗೆತಕ್ಕೂ ಸ್ಟ್ಯಾಮಿನಾದ ದೊಡ್ಡ ತುಂಡು ಹೋಗುತ್ತದೆ. ಚಿಕ್ಕ ಬಂಡೆಗೆ ಸರಿ, ದೊಡ್ಡದಕ್ಕೆ ಬೇಡ. ತಾಪಮಾಪಕದ ಹತ್ತಿರವೇ ಮುಂದಿನ ಹವಾಮಾನದ ಚಿಹ್ನೆಗಳಿವೆ, ಬೆಟ್ಟದ ಬುಡದಲ್ಲಿ ನಿಂತು ಮೊದಲು ಅದನ್ನು ನೋಡಿ. ಸಿಕ್ಕಿಹಾಕಿಕೊಂಡರೆ ಬಂಡೆಯ ಚಾಚಿನಡಿ ಸೌದೆ ಇಟ್ಟು, ಪಕ್ಕದಲ್ಲಿ ಫ್ಲಿಂಟ್ ಕಲ್ಲಿಟ್ಟು, ಲೋಹದ ಆಯುಧದಿಂದ ಕಲ್ಲಿಗೆ ಹೊಡೆದರೆ ಬೆಂಕಿ ಹತ್ತುತ್ತದೆ. ಅಲ್ಲಿ ಕೂತು ಬೆಳಗಾಗುವವರೆಗೆ ಹೊತ್ತು ಕಳೆಯಬಹುದು. ಬಯಲಲ್ಲಿ ಹಾಕಿದ ಬೆಂಕಿ ಮಳೆಗೆ ನಂದುತ್ತದೆ, ಸೌದೆ ದಂಡ. ಗುಡುಗು ಬಂದಾಗ ಬೆನ್ನಿನ ಕತ್ತಿ ಚಿಟಿಚಿಟಿ ಎಂದು ಕಿಡಿ ಕಾರಿದರೆ ಅರೆಕ್ಷಣವೂ ಯೋಚಿಸದೆ ಚೀಲ ತೆರೆದು ಲೋಹದ ಕತ್ತಿ, ಬಿಲ್ಲು, ಗುರಾಣಿ ಎಲ್ಲ ಕಳಚಿ. ಮರದವು ಇರಲಿ, ಸಿಡಿಲು ಅವಕ್ಕೆ ಬರುವುದಿಲ್ಲ.

ಆಯುಧ ಮುರಿಯುತ್ತದೆ ಎಂದು ಗೊಣಗುವವರು ಬಹಳ. ಮುರಿಯಲೆಂದೇ ಮಾಡಿದ್ದು. ಶುರುವಿನಲ್ಲಿ ಎಂಟು ಆಯುಧ, ಐದು ಬಿಲ್ಲು, ನಾಲ್ಕು ಗುರಾಣಿಗೆ ಜಾಗ. ಕೆಂಪು ಮಿನುಗಿ ಕೆಟ್ಟಿದೆ ಎಂಬ ಸೂಚನೆ ಬಂದರೆ ಆ ಆಯುಧವನ್ನು ಆರ್ ಒತ್ತಿ ಶತ್ರುವಿನ ಮೇಲೆ ಎಸೆಯಿರಿ. ಮುರಿಯುವ ಆ ಕೊನೆಯ ಏಟಿಗೆ ಎರಡರಷ್ಟು ಬಲ. ಒಳ್ಳೆಯದನ್ನು ಕೂಡಿಟ್ಟು ಕೊಂಬೆಯಲ್ಲಿ ಕಾದಾಡುವವರು ಕೂಡಿಟ್ಟದ್ದನ್ನು ಬಳಸುವ ಹೊತ್ತಿಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿರುತ್ತದೆ.

ನಾಲ್ಕು ಶ್ರೈನ್ ಮುಗಿದ ಮೇಲೆ ನಕ್ಷೆಯಲ್ಲಿ ಅವನ್ನು ಎದುರುಬದುರಾಗಿ ಗೆರೆ ಎಳೆದರೆ ಕೂಡುವುದು ಟೆಂಪಲ್ ಆಫ್ ಟೈಮ್‌ನಲ್ಲಿ. ಒಳಗಿನ ದೇವಿಯ ವಿಗ್ರಹಕ್ಕೆ ಶ್ರೈನ್‌ಗೊಂದರಂತೆ ಸಿಕ್ಕ ನಾಲ್ಕು ಸ್ಪಿರಿಟ್ ಆರ್ಬ್ ಕೊಟ್ಟರೆ ಒಂದು ಹಾರ್ಟ್ ಇಲ್ಲವೇ ಸ್ಟ್ಯಾಮಿನಾದ ಒಂದು ಪಾಲು. ಸ್ಟ್ಯಾಮಿನಾ ತೆಗೆದುಕೊಳ್ಳಿ ಎಂಬುದು ನಮ್ಮ ಮಾತು. ಹಾರ್ಟ್ ಕೊರತೆಯನ್ನು ಅಡುಗೆ ತುಂಬುತ್ತದೆ, ನಡುಬಂಡೆಯಲ್ಲಿ ಮುಗಿದ ಸ್ಟ್ಯಾಮಿನಾಗೆ ಈ ಹಂತದಲ್ಲಿ ಸುಲಭದ ಮದ್ದಿಲ್ಲ. ಆಮೇಲೆ ಮನಸ್ಸು ಬದಲಾದರೆ ಹಟೆನೊ ಊರಿನ ಕೊಂಬಿನ ವಿಗ್ರಹ ಒಂದನ್ನು 100 ರುಪೀಗೆ (ಆಟದೊಳಗಿನ ಹಣ) ಕೊಂಡು ಇನ್ನೊಂದನ್ನು 120ಕ್ಕೆ ಮಾರುತ್ತದೆ. 20 ರುಪೀ ದಲ್ಲಾಳಿ, ಅಷ್ಟೆ. ಗುಡಿಯ ಚಾವಣಿಗೆ ಹತ್ತಿದರೆ ಮುದುಕ ತಾನು ಯಾರೆಂದು ಹೇಳಿ ಪ್ಯಾರಾಗ್ಲೈಡರ್ ಕೊಡುತ್ತಾನೆ.

ಈಗ ಉತ್ತರಕ್ಕೆ ಕೋಟೆ ಕಾಣುತ್ತಿದೆಯೆಂದು ಆ ಕಡೆ ಹಾರಬೇಡಿ. ಹೈರೂಲ್ ಫೀಲ್ಡ್‌ನಲ್ಲಿ ನಡೆದಾಡುವ ಗಾರ್ಡಿಯನ್‌ಗಳಿವೆ, ಈಗಿನ ಅಂಗಿಗೆ ಒಂದು ಕಿರಣ ಸಾಕು. ಪೂರ್ವಕ್ಕೆ ಹಾರಿ. ಪ್ಲಾಟೋ ಬುಡದ ಬೋಶ್ ಕಾಲಾ ಶ್ರೈನ್ ಮುಟ್ಟಿ, ಪ್ರಾಕ್ಸಿಮ್ ಸೇತುವೆ ದಾಟಿ, ನಡುವೆ ಸೀಳಿದಂತಿರುವ ಡ್ಯೂಯೆಲಿಂಗ್ ಪೀಕ್ಸ್ ಕಡೆ ನಡೆಯಿರಿ. ಶ್ರೈನ್ ಒಳಗೆ ಹೋಗಲು ಸಮಯವಿಲ್ಲದಿದ್ದರೂ ಹೊರಗಿನ ಕಂಬಕ್ಕೆ ಸ್ಲೇಟ್ ಮುಟ್ಟಿಸಿ, ಆಮೇಲೆ ನಕ್ಷೆಯಿಂದ ನೇರ ಬರಬಹುದು. ಅವಳಿ ಶಿಖರಗಳ ನೆತ್ತಿಯ ಎರಡು ಶ್ರೈನ್‌ಗಳಲ್ಲಿ ಒಂದರ ಉತ್ತರ ಇನ್ನೊಂದರಲ್ಲಿದೆ, ಗುಂಡುಗಳು ಕೂತ ರೀತಿಯನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಶಿಖರ ದಾಟಿದರೆ ಕುದುರೆ ಲಾಯ, ಪಕ್ಕದಲ್ಲೇ ಹಾ ದಹಮಾರ್ ಶ್ರೈನ್. ಹುಲ್ಲಿನ ಕಡೆ ಮೇಯುವ ಕುದುರೆಯ ಹಿಂದೆ ಬಗ್ಗಿ ಹೋಗಿ ಎ ಒತ್ತಿ ಏರಿ, ಒದೆಯುವಷ್ಟು ಹೊತ್ತೂ ಎಲ್ ಒತ್ತಿ ಸಮಾಧಾನ ಮಾಡಿ. ಚುಕ್ಕೆಮೈಯವು ಬೇಗ ಪಳಗುತ್ತವೆ, ಒಂದೇ ಬಣ್ಣದವು ಒಂದು ಚಕ್ರದ ಸ್ಟ್ಯಾಮಿನಾವನ್ನೆಲ್ಲ ತಿಂದು ಬೀಳಿಸುತ್ತವೆ. ನೋಂದಣಿಗೆ 20 ರುಪೀ. ಇಲ್ಲಿಂದ ಕಕಾರಿಕೊ ಊರಿಗೆ ಏರುವ ದಾರಿಯಲ್ಲಿ ಹೆಸ್ಟು ಎಂಬ ದಪ್ಪ ಮರದಂಥವನು ನಿಂತಿರುತ್ತಾನೆ, ಅವನನ್ನು ದಾಟಿ ಹೋಗಬೇಡಿ. ಹತ್ತಿರದ ಬೊಕೊಬ್ಲಿನ್ ರಾಕ್ಷಸರಿಂದ ಅವನ ಗಿಲಕಿ ತಂದುಕೊಟ್ಟರೆ, ಕೊರೊಕ್ ಎಂಬ ಅಡಗಿ ಕೂತ ಪುಟ್ಟ ಜೀವಿಗಳು ಕೊಡುವ ಬೀಜಕ್ಕೆ ಪ್ರತಿಯಾಗಿ ಚೀಲ ಹಿಗ್ಗಿಸುತ್ತಾನೆ. ಮೊದಲ ಆಯುಧದ ಜಾಗಕ್ಕೆ ಒಂದೇ ಬೀಜ, ಆಮೇಲೆ ಏರುತ್ತಾ ಹೋಗುತ್ತದೆ. ಆಟದಲ್ಲಿರುವ ಬೀಜ 900, ಎಲ್ಲ ಬೇಕಿಲ್ಲ.

ಕಕಾರಿಕೊದಲ್ಲಿ ಊರ ಹಿರಿಯಳಾದ ಇಂಪಾಳನ್ನು ಕಂಡು, ಮೇಲಿನ ತಾಲೋ ನೇಗ್ ಶ್ರೈನ್‌ನಲ್ಲಿ ಹೊಡೆದಾಟದ ಪಾಠ ಕಲಿಯಿರಿ. ಅಲ್ಲೇ ಗುಡ್ಡದ ಗ್ರೇಟ್ ಫೇರಿಗೆ 100 ರುಪೀ ಕೊಟ್ಟರೆ ಬಟ್ಟೆ ಗಟ್ಟಿ ಮಾಡಿಕೊಡುತ್ತಾಳೆ. ಆಮೇಲೆ ಹಟೆನೊ. ಮ್ಯಾಮ್ ಅಗಾನಾ ಶ್ರೈನ್‌ನಲ್ಲಿ ಕನ್ಸೋಲ್ ವಾಲಿಸಿ ಗುಂಡು ಉರುಳಿಸುವ ಜಟಿಲ ಹಲಗೆಯಿದೆ. ಅದನ್ನು ಪೂರ್ತಿ ತಲೆಕೆಳಗೆ ಮಾಡಿದರೆ ಬೆನ್ನು ಸಪಾಟು, ಗುಂಡನ್ನು ಆ ಬೆನ್ನ ಮೇಲೆ ಹಿಡಿದು ಆಚೆಗೆ ಚಿಮ್ಮಿಸಿಬಿಡಬಹುದು. ಸಂಶೋಧಕಿ ಪುರಾಳ ಪ್ರಯೋಗಾಲಯಕ್ಕೆ ನೀಲಿ ಬೆಂಕಿ ಒಯ್ಯುವ ಕೆಲಸಕ್ಕೆ ಮಾತ್ರ ಆಕಾಶ ತಿಳಿಯಾದ ದಿನವನ್ನೇ ಆರಿಸಿ: ಪಂಜು ಒಳಗಿಟ್ಟರೂ, ನೀರಿಗಿಳಿದರೂ, ಹನಿ ಬಿದ್ದರೂ ನಂದುತ್ತದೆ. ದಾರಿಯ ದೀಪಸ್ತಂಭಗಳನ್ನೆಲ್ಲ ಹಚ್ಚುತ್ತಾ ಹೋದರೆ ನಂದಿದಾಗ ಊರ ಕುಲುಮೆಯವರೆಗೆ ಇಳಿಯಬೇಕಾಗಿಲ್ಲ, ಹಿಂದಿನ ಕಂಬದಿಂದಲೇ ಮತ್ತೆ ಹೊತ್ತಿಸಿಕೊಳ್ಳಬಹುದು.