ತೊಂಡೆಸೊಪ್ಪಿನ ವಾಸನೆ

ಗಾಂಧಿ ಜಯಂತಿ ಅಂತ ಇವತ್ತು ಊರ ಶಾಲೆಯಲ್ಲಿ ಹಳೆ ವಿದ್ಯಾರ್ಥಿಗಳ ಶ್ರಮದಾನ.

ನನ್ನ ಪಾಲಿಗೆ ಬಂದದ್ದು ಏಳನೇ ಕ್ಲಾಸಿನ ಕಪ್ಪುಹಲಗೆ. ಪೇಂಟ್ ಡಬ್ಬಿ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿದ್ದವಳು ಎದ್ದು ಹೋಗಿ ಬೇಲಿಯಿಂದ ಕಾಡುತೊಂಡೆ ಸೊಪ್ಪು ಕಿತ್ತು ತಂದಳು. ಯಾರದೋ ಮನೆಯಿಂದ ಇದ್ದಿಲು ಬಂತು. ಎರಡನ್ನೂ ಜಜ್ಜಿ, ಬಟ್ಟೆಯ ಉಂಡೆಯಲ್ಲಿ ತಿಕ್ಕಿದೆವು. ಮೊದಲು ಹಸಿಹಸಿರು, ಒಣಗುತ್ತಾ ಕಪ್ಪು. ಅದೇ ವಾಸನೆ!

ಆಗಲೂ ಶನಿವಾರ ಹಲಗೆ ತಿಕ್ಕುತ್ತಿದ್ದವರು ನಾವಿಬ್ಬರೇ. ಆಮೇಲೆ 22 ವರ್ಷ ಮಾತಿಲ್ಲ, ಫೋನಿಲ್ಲ. ಇವತ್ತು ‘ಹೇಗಿದ್ದೀಯ’ ಅಂತ ಕೇಳುವ ಮೊದಲೇ, ‘ಆ ಮೂಲೆ ಬಿಟ್ಟೆ ನೋಡು’ ಅಂದಳು.

ಕೈಗೆ ಒಂದು ಕೆಲಸ ಸಿಕ್ಕರೆ ಮಾತು ತಾನಾಗಿ ಬರುತ್ತದೆ, ಅಲ್ವಾ? ಹೋಟೆಲಿನಲ್ಲಿ ಎದುರುಬದುರು ಕೂತಿದ್ದರೆ ಇಷ್ಟು ಮಾತಾಡುತ್ತಿರಲಿಲ್ಲ ನಾವು.

ನಾಳೆ ಬೆಳಗ್ಗೆ ಯಾವುದೋ ಮಗು ಅದರ ಮೇಲೆ ದಿನಾಂಕ ಬರೆಯುತ್ತದೆ.