ಕಲ್ಲಿನ ಆಚೆ ಕೂತವಳು

ಕ್ರಿಸ್‌ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ. ಪೂಜೆಯಲ್ಲಿ ಮತ್ತಾಯನ ಶುಭಸಂದೇಶ ಓದಿದರು. ಇಬ್ಬರು ಹೆಂಗಸರು ಕಲ್ಲಿನಲ್ಲಿ ಬೀಸುತ್ತಿರುವಾಗ ಒಬ್ಬಳನ್ನು ಒಯ್ಯಲಾಗುವುದು, ಇನ್ನೊಬ್ಬಳನ್ನು ಬಿಡಲಾಗುವುದು ಎಂಬ ಮಾತು ಬಂತು. ಎಷ್ಟೋ ಸಲ ಕೇಳಿದ ಮಾತೇ. ಈ ಸಲ ಮಾತ್ರ ನನ್ನ ಕಿವಿಯೊಳಗೆ ಗರ್ರ್ ಗರ್ರ್ ಅಂತ ಕಲ್ಲು ತಿರುಗತೊಡಗಿತು. ಫಾದರ್ ಆಮೇಲೆ ಹೇಳಿದ್ದು ಒಂದೂ ಕೇಳಿಸಲಿಲ್ಲ.

ನಮ್ಮಜ್ಜಿ ಕೋಳಿ ಕೂಗುವ ಮೊದಲೇ ಏಳುತ್ತಿದ್ದಳು. ಎದುರಿಗೆ ಅವಳ ವಾರಗಿತ್ತಿ. ನಾವು ಚಿಕ್ಕಜ್ಜಿ ಅನ್ನುತ್ತಿದ್ದೆವು. ಇಬ್ಬರೂ ಕಾಲು ಚಾಚಿ ಕೂತು ಒಂದೇ ಗೂಟಕ್ಕೆ ಕೈ ಹಾಕುತ್ತಿದ್ದರು. ಒಬ್ಬಳು ಎಳೆದರೆ ಇನ್ನೊಬ್ಬಳು ತಳ್ಳಬೇಕು. ಅಜ್ಜಿ ಎಡಗೈಯಲ್ಲಿ ಕಲ್ಲಿನ ಬಾಯಿಗೆ ರಾಗಿ ಸುರಿಯುವಳು. ಜತೆಗೆ ಜಪ. ಮರಿಯಮ್ಮನ ಜಪದ ಮೊದಲರ್ಧ ನಮೋ ಮರಿಯಾ ಅಜ್ಜಿಯದು, ಉಳಿದರ್ಧ ಸಂತ ಮರಿಯಾ ಚಿಕ್ಕಜ್ಜಿಯದು. ಕಲ್ಲಿನ ಜತೆ ಜಪಸರವೂ ಸುತ್ತುತ್ತಿತ್ತು. ಕಂಬಳಿಯೊಳಗೆ ಮಲಗಿದ್ದ ನನಗೆ ಆ ಸದ್ದು ನೆಲದಿಂದಲೇ ಎದೆಗೆ ಹತ್ತುತ್ತಿತ್ತು. ಬೆಚ್ಚನೆ ಹಿಟ್ಟಿನ ವಾಸನೆ ಬೇರೆ.

ಒಂದು ಮಳೆಗಾಲದಲ್ಲಿ ಚಿಕ್ಕಜ್ಜಿ ತೀರಿಹೋದಳು. ಕೆಲವು ದಿನ ಕಳೆದ ಮೇಲೆ ಅಜ್ಜಿ ಒಬ್ಬಳೇ ಕಲ್ಲಿನ ಮುಂದೆ ಕೂತಳು. ಜಪದ ಎರಡೂ ಅರ್ಧ ತಾನೇ ಹೇಳಿಕೊಂಡಳು. ನಮೋ ಮರಿಯಾ ಆದಮೇಲೆ ಒಂದು ಗಳಿಗೆ ಸುಮ್ನೆ ನಿಲ್ಲಿಸುವಳು. ಕಲ್ಲೂ ನಿಲ್ಲುತ್ತಿತ್ತು. ಆಮೇಲೆ ಮೆಲ್ಲಗೆ ಮುಂದಿನದು.

ಅವತ್ತು ಓದಿದ ಮಾತಿಗೆ ಯೇಸುಸ್ವಾಮಿ ಆರಿಸಿಕೊಂಡದ್ದು ಇಂಥ ಇಬ್ಬರನ್ನು. ಎಲ್ಲೋ ದೂರ ಇದ್ದವರನ್ನಲ್ಲ, ಒಂದೇ ಗೂಟ ಹಿಡಿದವರನ್ನು. ಅದರ ಬೆನ್ನಿಗೇ ಬರುವ ಎಚ್ಚರವಾಗಿರಿ ಅನ್ನುವ ಮಾತು ಎಷ್ಟು ಹತ್ತಿರದ್ದು ಅಂತ ಬೀಸಿದವರಿಗೆ ತಟ್ಟನೆ ಗೊತ್ತಾಗುತ್ತದೆ, ಅಲ್ವಾ?

ಮನೆಗೆ ಬಂದು ಬೈಬಲ್ ತೆರೆದು ಕೂತೆ. ಧರ್ಮೋಪದೇಶಕಾಂಡ 24:6ರಲ್ಲಿ ಬೀಸುವ ಕಲ್ಲನ್ನಾಗಲಿ ಅದರ ಮೇಲಿನ ಕಲ್ಲನ್ನಾಗಲಿ ಸಾಲಕ್ಕೆ ಒತ್ತೆ ಇಟ್ಟುಕೊಳ್ಳಬಾರದು ಎಂದಿದೆ. ಹಾಗೆ ಮಾಡಿದರೆ ಜೀವವನ್ನೇ ಒತ್ತೆ ಇಟ್ಟುಕೊಂಡಂತೆ. ಅವತ್ತಿನ ಹಿಟ್ಟು ಅವತ್ತೇ ಬೀಸಿಕೊಳ್ಳುವ ಮನೆಗಳು ಅವು. ಮೇಲಿನ ಕಲ್ಲೊಂದನ್ನು ಹೊತ್ತೊಯ್ದರೂ ಸಾಕು, ಕೆಳಗಿನದು ಬರೀ ಬಂಡೆ. ಸಂಜೆಗೆ ಮಕ್ಕಳಿಗೆ ರೊಟ್ಟಿ ಇಲ್ಲ. ಬಡವರ ಅಡುಗೆಮನೆಯ ಮೂಲೆಯನ್ನೂ ದೇವರು ನೋಡಿ ಕಾನೂನು ಮಾಡಿದ್ದಾರೆ.

ಆ ಕಾನೂನನ್ನು ಜನರಿಗೆ ತಿಳಿಸಿದ ಮೋಶೆಯ ಕಾಲದ ಕಲ್ಲು ನಮ್ಮದರ ಹಾಗೆ ತಿರುಗುವಂಥದ್ದಲ್ಲ. ಅದು ಜಾಸ್ತಿ ಹೋಲುವುದು ನಮ್ಮ ಖಾರ ಅರೆಯುವ ಕಲ್ಲನ್ನು. ಮಂಡಿಯೂರಿ ಮೇಲಿನ ಕಲ್ಲನ್ನು ಹಿಂದೆ ಮುಂದೆ ಉಜ್ಜಬೇಕು. ಹೀಬ್ರೂ ಭಾಷೆಯಲ್ಲಿ ಆ ಮೇಲಿನ ಕಲ್ಲಿಗೆ ರೆಖೆವ್ ಅನ್ನುತ್ತಾರೆ, ಸವಾರಿ ಮಾಡುವ ಕಲ್ಲು. ಬೈಬಲಿನ ಕಥೆಯೊಂದರಲ್ಲಿ, ತೇಬೇಚ್ ಊರಿಗೆ ಮುತ್ತಿಗೆ ಹಾಕಿದ ಅಬೀಮೆಲೆಕನೆಂಬ ರಾಜನ ತಲೆಗೆ ಬುರುಜಿನ ಮೇಲಿಂದ ಒಬ್ಬ ಹೆಂಗಸು ಎತ್ತಿಹಾಕಿದ್ದು ಇದನ್ನೇ. ದಿನಾ ಎರಡೂ ಕೈಯಲ್ಲಿ ಹಿಡಿದು ಪಳಗಿದ ಕಲ್ಲು! ತಿರುಗುವ ಕಲ್ಲು ಬಂದದ್ದು ಆಮೇಲೆ. ಯೇಸುಸ್ವಾಮಿ ಓಡಾಡಿದ ಕಫೆರ್ನವುಮಿನಲ್ಲಿ ಅಗೆದಾಗ ಕರಿಕಲ್ಲಿನ ಬೀಸುವ ಕಲ್ಲುಗಳು ಸಿಕ್ಕಿವೆ. ನಜರೇತಿನ ಮನೆಯಲ್ಲಿ ಮಾತೆ ಮರಿಯಮ್ಮನೂ ಹೀಗೇ ಬೀಸಿರಬೇಕು. ಬಾಲಯೇಸು ಆ ಸದ್ದಿಗೇ ಕಣ್ಣು ಬಿಟ್ಟಿರಬೇಕು.

ಆದರೆ ನನ್ನನ್ನು ಅಳಿಸಿದ್ದು ಯೆರೆಮೀಯ 25:10. ಕ್ರಿ.ಪೂ. 605ರ ಸುಮಾರಿನ ಮಾತು. ನಾಡು ಹಾಳಾಗುತ್ತದೆ ಅಂತ ಪ್ರವಾದಿ ಹೇಳುತ್ತಾನೆ. ಏನೇನು ನಿಂತುಹೋಗುತ್ತದೆ? ಮದುಮಗನ ದನಿ, ಮದುಮಗಳ ದನಿ. ಕೂಡಲೇ ಬೀಸುವ ಕಲ್ಲಿನ ಸದ್ದು, ದೀಪದ ಬೆಳಕು. ಮದುವೆಯ ಸಂಭ್ರಮದ ಪಕ್ಕದಲ್ಲೇ ಅಜ್ಜಿಯ ಕಲ್ಲಿಗೆ ಜಾಗ ಸಿಕ್ಕಿದೆ! ಬೆಳಗಿನ ಜಾವ ಕಲ್ಲು ಕೇಳಿಸಿದರೆ ಆ ಮನೆ ಬದುಕಿದೆ ಅಂತ. ಅಷ್ಟು ಸಣ್ಣ ಸದ್ದನ್ನು ದೇವರು ಕಿವಿಗೊಟ್ಟು ಕೇಳುತ್ತಿದ್ದರು.

ಈಗ ಧರ್ಮೋಪದೇಶ ತರಗತಿಯ ಮಕ್ಕಳು ವಚನವನ್ನು ಚೆನ್ನಾಗಿ ಒಪ್ಪಿಸುತ್ತಾರೆ. ಬೀಸುವ ಕಲ್ಲು ಅಂದರೆ ಚಿತ್ರ ತೋರಿಸಬೇಕು. ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಬರಲಿ. ಅಜ್ಜಿಯ ಭುಜಕ್ಕೆ ನಾನೇ ಎಣ್ಣೆ ಹಚ್ಚಿದ್ದೇನೆ, ಆ ನೋವು ಯಾರಿಗೂ ಬೇಡ. ಇಬ್ಬರು ಎದುರುಬದುರು ಕೂತು ಜಪ ಹೇಳುವ ಹೊತ್ತೂ ಕಲ್ಲಿನ ಜತೆಗೇ ಹೊರಟುಹೋಯಿತಲ್ಲ, ನನ್ನ ಸಂಕಟ ಅದು.

ಅಜ್ಜಿಯ ಕಲ್ಲು ಹಿತ್ತಲ ನಲ್ಲಿಯ ಹತ್ತಿರ ಬಿದ್ದಿತ್ತು. ಅದರ ಮೇಲೆ ಬಿಂದಿಗೆ ಇಡುತ್ತಿದ್ದೆವು. ಮರುದಿನ ಉಜ್ಜಿ ತೊಳೆದು ಒಣಗಿಸಿದೆ. ಹೊಸ ಗೂಟ ಕೂರಿಸಿದೆ. ಎರಡು ಹಿಡಿ ರಾಗಿ ಹಾಕಿ ತಿರುಗಿಸಿದರೆ ನನ್ನ ಕೈಗೆ ಬಗ್ಗಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಇರಿ ಅತ್ತೆ" ಅಂತ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದು ಕೂತು ಗೂಟಕ್ಕೆ ಕೈ ಹಾಕಿದಳು. ಗರ್ರ್ ಅಂತು ಕಲ್ಲು.

ನಾನು ನಮೋ ಮರಿಯಾ ಶುರು ಮಾಡಿದೆ. ಅರ್ಧಕ್ಕೆ ಬಂದು ನಿಲ್ಲಿಸಿದೆ. ಕಲ್ಲಿನ ಆಚೆಯಿಂದ ಸಂತ ಮರಿಯಾ ಅಂತ ಕೇಳಿಸಿತು.