ಮೊಬೈಲಿಗೆ ಮುಂಚೆ ಒಂದು ಸೊನ್ನೆ: ಆಫೀಸಿನ ಇಪಿಎಬಿಎಕ್ಸ್‌ನಲ್ಲಿ ತಿದ್ದಬೇಕಾದ ಜಾಗಗಳು

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಕರೆ ಮಾಡಿದರೂ ಮೊದಲು ಸೊನ್ನೆ ಒತ್ತಬೇಕು. ಅದಕ್ಕೂ ಮುಂಚೆ ರಾಜ್ಯದೊಳಗಿನ ಮೊಬೈಲಿಗೆ ಹತ್ತಂಕೆ ಸಾಕಿತ್ತು, ಹೊರರಾಜ್ಯದ್ದಕ್ಕೆ ಮಾತ್ರ ಸೊನ್ನೆ. ಮೊಬೈಲಿನಿಂದ ಮಾಡುವ ಕರೆಗಳಲ್ಲಿ ಏನೂ ಬದಲಾಗಲಿಲ್ಲ. ಮನೆಯ ಫೋನಿಗಾದರೆ ಇದು ಎರಡು ದಿನದಲ್ಲಿ ರೂಢಿಯಾಗುವ ವಿಷಯ. ಇಪಿಎಬಿಎಕ್ಸ್ (ಆಫೀಸಿನ ಒಳಫೋನುಗಳನ್ನು ಹೊರಗಿನ ಲೈನಿಗೆ ಜೋಡಿಸುವ ಯಂತ್ರ) ಇರುವ ಕಡೆ ಮಾತ್ರ ಸೆಟ್ಟಿಂಗ್‌ಗಳ ಹಳೇ ಬ್ಯಾಕಪ್ ಹಾಕಿದಾಗಲೆಲ್ಲ, ಸೆಕೆಂಡ್‌ಹ್ಯಾಂಡ್ ಸಿಸ್ಟಮ್ ಕೂರಿಸಿದಾಗಲೆಲ್ಲ ಮೊಬೈಲಿಗೆ ಕರೆ ಹೋಗದ ತೊಂದರೆ ಮತ್ತೆ ಬರುತ್ತದೆ.

ಎಕ್ಸ್‌ಚೇಂಜ್ ಕರೆಯ ದಾರಿಯನ್ನು ಮೊದಲ ಅಂಕೆ ನೋಡಿ ಗುರುತಿಸುತ್ತದೆ. ಸೊನ್ನೆಯಿಲ್ಲದೆ ಮೊಬೈಲ್ ಸಿಗುವವರೆಗೆ ಸ್ಥಳೀಯ ಲ್ಯಾಂಡ್‌ಲೈನಿನ 2ರಂಥ ಅಂಕೆಗಳನ್ನು ಮೊಬೈಲಿಗೆ ಕೊಡಲಾಗದು. ಸೊನ್ನೆ ಕಡ್ಡಾಯವಾದ ಮೇಲೆ ಆ ಜಾಗ ತೆರವಾಯಿತು. ಸುಮಾರು 250 ಕೋಟಿ ಹೊಸ ಮೊಬೈಲ್ ಸಂಖ್ಯೆಗಳಿಗೆ ಅವಕಾಶ ಎಂಬುದು ಆಗಿನ ಅಂದಾಜು.

ಹೆಚ್ಚಿನ ಆಫೀಸುಗಳಲ್ಲಿ ಹೊರಗಿನ ಲೈನ್ ಹಿಡಿಯಲೂ ಸೊನ್ನೆಯನ್ನೇ ಒತ್ತುತ್ತಾರೆ. ಹಾಗಾಗಿ ಎಕ್ಸ್‌ಟೆನ್ಷನ್‌ನಿಂದ (ಮೇಜಿನ ಒಳಫೋನಿನಿಂದ) ಮೊಬೈಲಿಗೆ ಈಗ ಎರಡು ಸೊನ್ನೆ: ಒಂದು ಲೈನಿಗೆ, ಇನ್ನೊಂದು ಮೊಬೈಲಿಗೆ. ಐಎಸ್‌ಡಿ, ಅಂದರೆ ವಿದೇಶದ ಕರೆ, ತಡೆಯಲು ಸಿಸ್ಟಮ್‌ನ ನಿಷೇಧದ ಪಟ್ಟಿಯಲ್ಲಿ 00 ಇರುತ್ತದೆ. ಕೆಲವು ಸಿಸ್ಟಮ್‌ಗಳು ಲೈನ್ ಹಿಡಿದ ಸೊನ್ನೆಯನ್ನೂ ಸೇರಿಸಿ ಪಟ್ಟಿಗೆ ಹೋಲಿಸುತ್ತವೆ. ಆಗ ಮೊಬೈಲ್ ಕರೆಯೆಲ್ಲ ಐಎಸ್‌ಡಿ ಎಂದೇ ತಡೆಯಾಗುತ್ತದೆ. ಎರಡನೇ ಸೊನ್ನೆ ಒತ್ತಿದ ಕೂಡಲೇ ಎಂಗೇಜ್ ಟೋನ್ ಬಂದರೆ ಇದೇ ಕಾರಣ, ಲೈನನ್ನು ದೂರಬೇಡಿ. ಅಂಥ ಸಿಸ್ಟಮ್‌ನಲ್ಲಿ 00 ತೆಗೆದು 000 ಹಾಕಬೇಕು. ಲೈನ್ ಹಿಡಿಯುವ ಕೋಡನ್ನೇ 9ಕ್ಕೆ ಬದಲಿಸಿದರೆ ಇನ್ನೂ ಒಳ್ಳೆಯದು, ಜನರ ಗೊಂದಲವೂ ತಪ್ಪುತ್ತದೆ.

ನಿಜವಾದ ತಲೆನೋವು ಎಸ್‌ಟಿಡಿ ಲಾಕ್, ಅಂದರೆ ಹೊರಊರಿನ ಕರೆಗೆ ಹಾಕುವ ತಡೆ. ಹಿಂದೆ ಸೊನ್ನೆಯನ್ನು ಮುಚ್ಚಿದರೆ ಎಸ್‌ಟಿಡಿ ನಿಲ್ಲುತ್ತಿತ್ತು, ಊರಿನ ಮೊಬೈಲುಗಳು ಸಿಗುತ್ತಿದ್ದವು. ಈಗ ಸೊನ್ನೆ ಮುಚ್ಚಿದರೆ ಒಂದು ಮೊಬೈಲೂ ಸಿಗದು, ಬಿಟ್ಟರೆ ದೇಶವೆಲ್ಲ ಸಿಗುತ್ತದೆ. 01ರಿಂದ 05ರವರೆಗೆ ಕಣ್ಣುಮುಚ್ಚಿ ತಡೆಯಬಹುದು: ದೆಹಲಿಯ 011, ಮುಂಬೈಯ 022, ಚೆನ್ನೈನ 044 ಎಲ್ಲ ಅಲ್ಲೇ ಬರುತ್ತವೆ, ಮೊಬೈಲ್ ಒಂದೂ ಇಲ್ಲ. 09 ಪೂರ್ತಿ ಮೊಬೈಲ್, ಬಿಡಿ. ಮಿಶ್ರವಾಗಿರುವುದು 06, 07, 08. ಕರ್ನಾಟಕದ ಎಸ್‌ಟಿಡಿ ಕೋಡುಗಳೆಲ್ಲ 08ರಲ್ಲೇ ಇವೆ, 8ರಿಂದ ಶುರುವಾಗುವ ಮೊಬೈಲುಗಳೂ ನಮ್ಮಲ್ಲಿ ಧಾರಾಳ. 0821 ನೋಡಿ ಮೈಸೂರು ಎಂದು ತಡೆದರೆ 8217ರ ಮೊಬೈಲುಗಳು ಹೋಗುತ್ತವೆ. 0831 ತಡೆದರೆ ಬೆಳಗಾವಿಯ ಜೊತೆ 8310ರ ಮೊಬೈಲುಗಳು. ಆದ್ದರಿಂದ ಕೋಡಿನ ಮುಂದಿನ ಅಂಕೆಯವರೆಗೂ ಬರೆಯಬೇಕು: 08212 ತಡೆ, 08217 ಬಿಡು. ಬೆಂಗಳೂರಿನಲ್ಲಿ 0802, 0804, 0806 ಲ್ಯಾಂಡ್‌ಲೈನ್. 08050, 08073, 08088, 08095 ಮೊಬೈಲ್. ಅನ್‌ಲಿಮಿಟೆಡ್ ಪ್ಲಾನ್ ಇರುವ ಆಫೀಸಿಗೆ ಈ ಕಷ್ಟ ಬೇಕಾಗಿಯೇ ಇಲ್ಲ. ಎಸ್‌ಟಿಡಿ ಲಾಕ್ ತೆಗೆದು ಐಎಸ್‌ಡಿ ಮಾತ್ರ ತಡೆಯಿರಿ, ಅಷ್ಟು ಸಾಕು.

ಜನ ಸೊನ್ನೆ ಮರೆತರೆ ಸಿಸ್ಟಮ್ ತಾನೇ ಸೇರಿಸುವಂತೆ ಎಲ್‌ಸಿಆರ್‌ನಲ್ಲಿ (ಒತ್ತಿದ ಸಂಖ್ಯೆ ನೋಡಿ ಕರೆಯ ದಾರಿ ಆರಿಸುವ ಪಟ್ಟಿಯಲ್ಲಿ) ಬರೆಯಬಹುದು. ಆದರೆ ಮೊದಲ ಅಂಕೆ ನೋಡಿದರೆ ಸಾಲದು, ಏಕೆಂದರೆ 6ರಿಂದ ಶುರುವಾಗುವ ಎಂಟಂಕೆಯ ಲ್ಯಾಂಡ್‌ಲೈನೂ ಬೆಂಗಳೂರಿನಲ್ಲಿದೆ. ಹತ್ತಂಕೆ ತುಂಬಿದರೆ ಸೊನ್ನೆ ಸೇರಿಸು, ಎಂಟಕ್ಕೆ ನಿಂತರೆ ನಾಲ್ಕೈದು ಸೆಕೆಂಡ್ ಕಾದು ಹಾಗೇ ಕಳಿಸು ಎಂದಿರಲಿ.

ಬಂದ ಕರೆಗೆ ತಿರುಗಿ ಮಾಡುವಾಗಲೂ ಇದೇ ಪಾಡು. ಕಾಲರ್ ಐಡಿಯಲ್ಲಿ ಬರಿಯ ಹತ್ತಂಕೆ ಬಿದ್ದಿರುತ್ತದೆ, ಅದನ್ನೇ ಒತ್ತಿದರೆ ಕರೆ ಹೋಗದು. ಒಳಬರುವ ಸಂಖ್ಯೆಗೆ ಲೈನ್ ಕೋಡೂ ಸೊನ್ನೆಯೂ ಸೇರುವಂತೆ ಟ್ರಂಕಿನ (ಹೊರಗಿನ ಲೈನಿನ) ಸೆಟ್ಟಿಂಗ್‌ನಲ್ಲಿ ಹಾಕಬೇಕು.

ಮನುಷ್ಯರು ಮರೆತರೆ ಸೊನ್ನೆ ಸೇರಿಸಿ ಎಂಬ ಧ್ವನಿಮುದ್ರಿತ ಸೂಚನೆ ಕೇಳಿಸಿ ನೆನಪಾಗುತ್ತದೆ. ಯಂತ್ರಗಳಿಗೆ ಆ ಸೂಚನೆ ಅರ್ಥವಾಗದು. ಲಿಫ್ಟಿನ ತುರ್ತು ಫೋನ್, ಅಲಾರ್ಮ್ ಪ್ಯಾನೆಲಿನ ಆಟೋ ಡಯಲರ್, ಫ್ಯಾಕ್ಸ್ ಇವುಗಳಲ್ಲಿ ಯಾವಾಗಲೋ ತುಂಬಿಸಿದ ಹತ್ತಂಕೆ ಹಾಗೇ ಕುಳಿತಿರುತ್ತದೆ. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಗುಂಡಿ ಒತ್ತಿದಾಗ ಮೆಕ್ಯಾನಿಕ್‌ನ ಫೋನ್ ರಿಂಗಾಗುವುದೇ ಇಲ್ಲ. ಲೈನ್ ಕೋಡ್, ಒಂದು ಪಾಜ್ (ಸ್ವಲ್ಪ ಹೊತ್ತಿನ ವಿರಾಮ), ಸೊನ್ನೆ, ಆಮೇಲೆ ಹತ್ತಂಕೆ, ಈ ಕ್ರಮದಲ್ಲಿ ತುಂಬಿಸಿ. ಪಾಜ್ ಹಾಕದಿದ್ದರೆ ಡಯಲ್ ಟೋನ್ ಬರುವ ಮುಂಚೆಯೇ ಸೊನ್ನೆ ಹೋಗಿ ನುಂಗಿಹೋಗುತ್ತದೆ, ಪುನಃ ಬರಿಯ ಹತ್ತಂಕೆಯೇ ಎಕ್ಸ್‌ಚೇಂಜಿಗೆ ತಲುಪುತ್ತದೆ. ತುಂಬಿಸಿದ ಮೇಲೆ ಗುಂಡಿ ಒತ್ತಿ, ಆ ಕಡೆಯವರ ದನಿ ಕೇಳಿದ ನಂತರವೇ ಕೆಲಸ ಮುಗಿಯಿತೆಂದು ಸಹಿ ಹಾಕಿಸಿಕೊಳ್ಳಿ.

ಪಟ್ಟಿ ತಿದ್ದುವ ಹೊತ್ತಿಗೇ ತುರ್ತು ಸಂಖ್ಯೆ 112 ನೋಡಿಬಿಡಿ. ಲೈನ್ ಕೋಡ್ ಒತ್ತಿದರೂ ಒತ್ತದಿದ್ದರೂ, ಲಾಕ್ ಆಗಿರುವ ಎಕ್ಸ್‌ಟೆನ್ಷನ್‌ನಿಂದಲೂ ಅದು ಹೋಗಲೇಬೇಕು. ಒಳಗಿನ ಸಂಖ್ಯೆಗಳು 101, 102 ಎಂದಿದ್ದರೆ ಅಗ್ನಿಶಾಮಕಕ್ಕೆ ಮಾಡಿದ ಕರೆ ಅಕೌಂಟ್ಸ್ ಮೇಜಿಗೆ ಬರುತ್ತದೆ. 200ರ ಸಾಲಿಗೆ ಬದಲಿಸಿ.

ವಿಸಿಟಿಂಗ್ ಕಾರ್ಡಿನಲ್ಲಿ +91 080 ಎಂದು ಅಚ್ಚಾಗಿರುವುದು ತಪ್ಪು. +91 ಇದ್ದರೆ ಮುಂದೆ 80, ಇಲ್ಲದಿದ್ದರೆ 080.

2025ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಲ್ಯಾಂಡ್‌ಲೈನಿನಿಂದ ಲ್ಯಾಂಡ್‌ಲೈನಿಗೂ ಸೊನ್ನೆ ಮತ್ತು ಎಸ್‌ಟಿಡಿ ಕೋಡ್ ಸೇರಿಸಿಯೇ ಡಯಲ್ ಮಾಡುವ ಪದ್ಧತಿಗೆ ಶಿಫಾರಸು ಮಾಡಿದೆ. ಬೆಂಗಳೂರಿನ ಸಿಸ್ಟಮ್‌ಗಳಲ್ಲಿ ಎಂಟಂಕೆಗೆ 080 ಸೇರಿಸುವ ಒಂದು ಸಾಲನ್ನು ಈಗಲೇ ಬರೆದು, ಆಫ್ ಮಾಡಿ, ಬ್ಯಾಕಪ್ ತೆಗೆದಿಟ್ಟುಕೊಳ್ಳಿ.